ಉತ್ತರ ಬರುವಂತೆ ಕೇಳುವುದು ಹೇಗೆ? ಶಿಕ್ಷಕರ ಇಮೇಲ್ ಗುಂಪಿನ ಬಗ್ಗೆ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಕಳೆದ ವರ್ಷ ವಿಜ್ಞಾನ ಶಿಕ್ಷಕರ ಇಮೇಲ್ ಗುಂಪೊಂದಕ್ಕೆ ಸೇರಿದೆ. ದಿನವೂ ರಾಶಿ ರಾಶಿ ಪತ್ರಗಳು ಬರುತ್ತವೆ. ಹೆಚ್ಚಿನವು ಶುಭಾಶಯಗಳು, ಇಲ್ಲವೇ ‘ನನಗೂ ಕಳುಹಿಸಿ’ ಎಂಬ ಬೇಡಿಕೆಗಳು. ಇವುಗಳ ನಡುವೆ ಇಲಾಖೆಯ ಪತ್ರಗಳು ಕಣ್ಣಿಗೆ ಬೀಳುವುದೇ ಇಲ್ಲ. ಒಮ್ಮೆ ‘ಸಹಾಯ ಬೇಕು’ ಎಂಬ ಶೀರ್ಷಿಕೆ ಕೊಟ್ಟು, ನೀರಿನ ವಿದ್ಯುದ್ವಿಭಜನೆಯ (ವಿದ್ಯುತ್ ಹಾಯಿಸಿ ನೀರಿನಿಂದ ಹೈಡ್ರೋಜನ್ ಮತ್ತು ಆಕ್ಸಿಜನ್ ಅನಿಲಗಳನ್ನು 2:1 ಪ್ರಮಾಣದಲ್ಲಿ ಪಡೆಯುವ) ಪ್ರಯೋಗ ಸರಿಯಾಗಿ ಬರುತ್ತಿಲ್ಲ, ಏನು ಮಾಡಬೇಕು ಎಂದು ಕೇಳಿದೆ. ಪತ್ರ ನನ್ನ ಇನ್‌ಬಾಕ್ಸ್‌ಗೆ ಬರಲಿಲ್ಲವಾದ್ದರಿಂದ ಹೋಗಿಲ್ಲವೆಂದುಕೊಂಡು ಮತ್ತೆ ಕಳುಹಿಸಿದೆ. ಯಾರೂ ಉತ್ತರಿಸಲಿಲ್ಲ. ಗುಂಪಿನಲ್ಲಿ ಹಿರಿಯರು, ಅಧಿಕಾರಿಗಳು ಇರುವುದರಿಂದ ಮತ್ತೆ ಕೇಳಲು ಸಂಕೋಚ. ವಾಟ್ಸ್ಆ್ಯಪ್ ಸಾಕು, ಈ ಇಮೇಲ್ ಏಕೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಗುಂಪನ್ನು ಬಿಡಬಹುದೇ?

ಉತ್ತರ: ಬಿಡಬೇಡಿ. ನಿಮ್ಮ ಪ್ರಶ್ನೆ ಒಳ್ಳೆಯದೇ ಆಗಿತ್ತು. ಉತ್ತರ ಕೊಡಬಲ್ಲವರ ಕಣ್ಣಿಗೆ ಅದು ಬೀಳದೆ ಹೋದದ್ದಕ್ಕೆ ಕಾರಣಗಳಿವೆ, ಅವೆಲ್ಲವನ್ನೂ ಸರಿಪಡಿಸಬಹುದು.

ಮೊದಲು ಎರಡು ಬಾರಿ ಕಳುಹಿಸಿದ ವಿಚಾರ, ಏಕೆಂದರೆ ಇದು ಬಹಳ ಜನರನ್ನು ಕಾಡುತ್ತದೆ. ನೀವು ಜಿಮೇಲ್‌ನಿಂದ ಗೂಗಲ್ ಗ್ರೂಪ್ಸ್‌ನ ಗುಂಪೊಂದಕ್ಕೆ ಬರೆದಾಗ ನಿಮ್ಮದೇ ಪತ್ರದ ಪ್ರತಿ ನಿಮ್ಮ ಇನ್‌ಬಾಕ್ಸ್‌ನಲ್ಲಿ ಕಾಣಿಸುವುದಿಲ್ಲ. ಪ್ರತಿ ಇಮೇಲ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಗುಂಪಿನಿಂದ ಮರಳಿ ಬಂದ ಪ್ರತಿಗೂ ‘ಕಳುಹಿಸಿದವು’ ಪಟ್ಟಿಯಲ್ಲಿರುವ ಪ್ರತಿಗೂ ಒಂದೇ ಸಂಖ್ಯೆ ಇರುವುದರಿಂದ ಜಿಮೇಲ್ ಮರಳಿ ಬಂದದ್ದನ್ನು ತೋರಿಸುವುದಿಲ್ಲ. ಪತ್ರ ಹೋಗಿದೆಯೇ ಎಂದು ತಿಳಿಯಲು ಗುಂಪಿನ ಜಾಲತಾಣದ ಪುಟವನ್ನು ತೆರೆದು ನೋಡಬೇಕು. ಅಲ್ಲಿ ಕಂಡರೆ ಎಲ್ಲರಿಗೂ ಹೋಗಿದೆ. ಕಾಣದಿದ್ದರೆ ಬಹುಶಃ ಅದು ನಿರ್ವಾಹಕರ ಒಪ್ಪಿಗೆಗಾಗಿ ಕಾಯುತ್ತಿರುತ್ತದೆ. ಹೊಸ ಸದಸ್ಯರ ಪತ್ರಗಳನ್ನು ಹಲವು ಗುಂಪುಗಳಲ್ಲಿ ಹೀಗೆ ತಡೆದಿಟ್ಟು ನೋಡುತ್ತಾರೆ. ನೀವು ಗುಂಪಿಗೆ ಸೇರಿದ ವಿಳಾಸ ಒಂದು, ಫೋನಿನಿಂದ ಕಳುಹಿಸಿದ ವಿಳಾಸ ಇನ್ನೊಂದು ಆಗಿದ್ದರೂ ಪತ್ರ ಒಳಗೆ ಹೋಗದಿರಬಹುದು. ಒಂದೇ ಫೋನಿನಲ್ಲಿ ಶಾಲೆಯ ಖಾತೆ ಮತ್ತು ಸ್ವಂತ ಖಾತೆ ಎರಡನ್ನೂ ಇಟ್ಟುಕೊಂಡಿರುವ ಶಿಕ್ಷಕರಿಗೆ ಇದು ಮೇಲಿಂದ ಮೇಲೆ ಆಗುತ್ತದೆ. ‘ಇಂದ’ ಎಂಬ ಸಾಲನ್ನು ಒಮ್ಮೆ ನೋಡಿಯೇ ಕಳುಹಿಸಿ.

ಈಗ ಮುಖ್ಯ ವಿಷಯ. ‘ಸಹಾಯ ಬೇಕು’ ಎಂಬ ಶೀರ್ಷಿಕೆಯನ್ನು ಕಂಡವರಿಗೆ ಏನು ತಿಳಿಯುತ್ತದೆ? ವರ್ಗಾವಣೆಯ ವಿಚಾರವೋ, ವೇತನದ್ದೋ, ಪಾಠದ್ದೋ ಗೊತ್ತಾಗದು. ದಿನಕ್ಕೆ ಐವತ್ತು ಪತ್ರ ಬರುವ ಪೆಟ್ಟಿಗೆಯಲ್ಲಿ ಜನರು ತೆರೆಯುವುದು ವಿಷಯದ ಸಾಲು ನೋಡಿ. ವಿದ್ಯುದ್ವಿಭಜನೆಯನ್ನು ಹತ್ತಾರು ವರ್ಷ ಮಾಡಿಸಿದ ಶಿಕ್ಷಕರು ಆ ಗುಂಪಿನಲ್ಲಿ ಖಂಡಿತ ಇದ್ದರು; ಅದು ತಮಗಾಗಿ ಬಂದ ಪತ್ರವೆಂದು ಅವರಿಗೆ ತಿಳಿಯಲಿಲ್ಲ, ಅಷ್ಟೇ. ಅದೇ ಪ್ರಶ್ನೆಗೆ ‘10ನೇ ತರಗತಿ, ನೀರಿನ ವಿದ್ಯುದ್ವಿಭಜನೆ: ಅನಿಲಗಳ ಪ್ರಮಾಣ 2:1 ಬರುತ್ತಿಲ್ಲ’ ಎಂದು ಶೀರ್ಷಿಕೆ ಕೊಟ್ಟಿದ್ದರೆ ಬಲ್ಲವರು ತೆರೆಯುತ್ತಿದ್ದರು, ಇತರರು ನಿಶ್ಚಿಂತೆಯಿಂದ ಮುಂದೆ ಹೋಗುತ್ತಿದ್ದರು.

ಪತ್ರದ ಒಡಲೂ ಹಾಗೆಯೇ. ‘ಸರಿಯಾಗಿ ಬರುತ್ತಿಲ್ಲ’ ಎಂದಾಗ ಓದುವವರು ನಿಮ್ಮನ್ನು ನಾಲ್ಕು ಮರುಪ್ರಶ್ನೆ ಕೇಳಬೇಕಾಗುತ್ತದೆ. ಕೆಲಸದ ನಡುವೆ ಇರುವವರು ಅಷ್ಟು ಶ್ರಮ ತೆಗೆದುಕೊಳ್ಳದೆ ಬಿಟ್ಟುಬಿಡುತ್ತಾರೆ. ನಿಮ್ಮ ಪ್ರಯೋಗವನ್ನು ಗುಂಪಿಗೆ ಹೀಗೆ ವಿವರಿಸಬಹುದಿತ್ತು ಎಂದು ನನಗೆ ಅನಿಸುತ್ತದೆ (ವಿವರಗಳನ್ನೂ ಅಳತೆಗಳನ್ನೂ ಉದಾಹರಣೆಗಾಗಿ ನಾನೇ ಹಾಕಿದ್ದೇನೆ):

‘ಪಠ್ಯಪುಸ್ತಕದಲ್ಲಿರುವಂತೆ ಪ್ಲಾಸ್ಟಿಕ್ ಮಗ್ಗಿನ ತಳದಲ್ಲಿ ಎರಡು ಕಾರ್ಬನ್ ಕಡ್ಡಿಗಳನ್ನು ಕೂರಿಸಿ, 6 ವೋಲ್ಟ್ ಬ್ಯಾಟರಿಗೆ ಜೋಡಿಸಿದೆ. ಆಮ್ಲ ಇರಲಿಲ್ಲವಾದ್ದರಿಂದ ನೀರಿಗೆ ಅಡುಗೆ ಉಪ್ಪು ಹಾಕಿದೆ. ಇಪ್ಪತ್ತು ನಿಮಿಷದ ನಂತರ ಋಣ ಧ್ರುವದ ಪ್ರನಾಳದಲ್ಲಿ 12 ಮಿಲಿಲೀಟರ್ ಅನಿಲ, ಧನ ಧ್ರುವದ ಪ್ರನಾಳದಲ್ಲಿ 3 ಮಿಲಿಲೀಟರ್ ಮಾತ್ರ ಸೇರಿತ್ತು. ಬ್ಯಾಟರಿ ಬದಲಾಯಿಸಿ ನೋಡಿದೆ, ಹಾಗೆಯೇ ಬಂತು. 2:1 ಬರಲು ಏನು ಬದಲಾಯಿಸಬೇಕು? ಮುಂದಿನ ಸೋಮವಾರ ತರಗತಿಯಲ್ಲಿ ಮಾಡಿ ತೋರಿಸಬೇಕಾಗಿದೆ.’

ಇದರಲ್ಲಿ ‘ಅಡುಗೆ ಉಪ್ಪು’ ಎಂಬ ಮಾತೇ ಅರ್ಧ ಉತ್ತರ. ಉಪ್ಪು ಹಾಕಿದ ನೀರಿನಲ್ಲಿ ಧನ ಧ್ರುವದ ಬಳಿ ಆಕ್ಸಿಜನ್ ಜೊತೆಗೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಕ್ಲೋರಿನ್ ಬಿಡುಗಡೆಯಾಗುತ್ತದೆ. ಕ್ಲೋರಿನ್ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಪ್ರನಾಳದಲ್ಲಿ ಅನಿಲ ಕಡಿಮೆ ಕಾಣುತ್ತದೆ. ಅದು ವಿಷಕಾರಿ ಅನಿಲವೂ ಹೌದು, ಮುಚ್ಚಿದ ಕೋಣೆಯಲ್ಲಿ ಮಕ್ಕಳ ಮುಂದೆ ಈ ರೀತಿ ಮಾಡುವುದು ತರವಲ್ಲ. ಆಮ್ಲವನ್ನೇ ಬಳಸಿದರೂ ಕಾರ್ಬನ್ ಕಡ್ಡಿಯಿದ್ದಾಗ ಧನ ಧ್ರುವದ ಆಕ್ಸಿಜನ್ನಿನ ಒಂದು ಪಾಲು ಕಾರ್ಬನ್ ಜೊತೆ ವರ್ತಿಸಿಬಿಡುತ್ತದೆ. ಆಕ್ಸಿಜನ್ ಹೈಡ್ರೋಜನ್‌ಗಿಂತ ನೀರಿನಲ್ಲಿ ಹೆಚ್ಚು ಕರಗುವುದೂ ಸೇರಿ ಲೆಕ್ಕ ತಪ್ಪುತ್ತದೆ. ಸ್ವಲ್ಪ ಹೊತ್ತು ವಿದ್ಯುತ್ ಹಾಯಿಸಿ, ಆಮೇಲೆ ಪ್ರನಾಳಗಳನ್ನು ಅದೇ ನೀರಿನಿಂದ ಮತ್ತೆ ತುಂಬಿ ಅಳೆದರೆ ಕರಗುವಿಕೆಯಿಂದಾದ ತಪ್ಪು ಕಡಿಮೆಯಾಗುತ್ತದೆ. ನೀವು ‘ಸರಿಯಾಗಿ ಬರುತ್ತಿಲ್ಲ’ ಎಂದಷ್ಟೇ ಬರೆದಾಗ ಈ ಯಾವ ಮಾತನ್ನೂ ಯಾರೂ ಹೇಳಲಾಗದು. ಏನು ಬಳಸಿದಿರಿ, ಏನಾಯಿತು, ಏನಾಗಬೇಕಿತ್ತು, ಈಗಾಗಲೇ ಏನು ಬದಲಾಯಿಸಿ ನೋಡಿದಿರಿ, ಯಾವಾಗಿನೊಳಗೆ ಬೇಕು ಎಂಬುದನ್ನು ಬರೆದರೆ ಸಾಕು, ಎಂಟು ಸಾಲು ದಾಟುವುದಿಲ್ಲ.

ಸಂಕೋಚದ ಮಾತಿಗೆ ಬರುತ್ತೇನೆ. ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ಉಪನ್ಯಾಸಕರು, ವಿಷಯ ಪರಿವೀಕ್ಷಕರು ಓದುತ್ತಾರೆ, ಇಷ್ಟೂ ಗೊತ್ತಿಲ್ಲವೇ ಎಂದುಕೊಳ್ಳುತ್ತಾರೆ ಎಂಬ ಅಳುಕು ನಮ್ಮ ಶಿಕ್ಷಕರಲ್ಲಿ ಬಹಳ ಆಳವಾಗಿದೆ. ಅದರಲ್ಲೂ ಹೊಸಬರಲ್ಲಿ, ಮಹಿಳೆಯರಲ್ಲಿ, ಒಂದೇ ಶಾಲೆಯಲ್ಲಿ ಒಬ್ಬರೇ ವಿಜ್ಞಾನ ಶಿಕ್ಷಕರಾಗಿ ಇರುವವರಲ್ಲಿ ಹೆಚ್ಚು. ಇಂತಹ ಗುಂಪುಗಳನ್ನು ನಡೆಸುವ ಕೆಲಸದಲ್ಲಿ ಬಹುಕಾಲದಿಂದ ಇರುವುದರಿಂದ ಹೇಳುತ್ತೇನೆ: ಪ್ರಯೋಗ ಮಾಡಿ, ಅಳೆದು, ವ್ಯತ್ಯಾಸ ಕಂಡು ಕೇಳುವ ಶಿಕ್ಷಕಿಯ ಬಗ್ಗೆ ಓದುವವರಿಗೆ ಹುಟ್ಟುವುದು ಗೌರವ. ತರಗತಿಯಲ್ಲಿ ಆ ಪ್ರಯೋಗವನ್ನು ಮಾಡಿಸದೆಯೇ ಪುಸ್ತಕದಲ್ಲಿರುವ 2:1 ಅನ್ನು ಬರೆಸಿ ಮುಗಿಸುವವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಅಧಿಕಾರಿಗಳು ಓದಿದರೆ ಒಳ್ಳೆಯದೇ ಆಯಿತು. ಎಷ್ಟು ಶಾಲೆಗಳಲ್ಲಿ ಆಮ್ಲದ ಬಾಟಲಿಯೂ ಇಲ್ಲ ಎಂಬುದು ಅವರಿಗೂ ತಿಳಿಯಲಿ.

ಉತ್ತರ ಬರದಿದ್ದರೆ ನಾಲ್ಕೈದು ದಿನ ಕಾಯಿರಿ. ಮೌಲ್ಯಮಾಪನ, ತರಬೇತಿ, ಚುನಾವಣಾ ಕೆಲಸಗಳ ದಿನಗಳಲ್ಲಿ ಇನ್ನೂ ಹೆಚ್ಚು. ಆಮೇಲೆ ಹೊಸ ಪತ್ರ ಬರೆಯದೆ, ನಿಮ್ಮದೇ ಹಳೆಯ ಪತ್ರಕ್ಕೆ ಉತ್ತರವಾಗಿ ಹೊಸದೇನಾದರೂ ಸೇರಿಸಿ ಬರೆಯಿರಿ: ಆಮ್ಲ ತರಿಸಿ ಮಾಡಿದೆ, ಈಗ ಇಷ್ಟು ಬಂತು, ಇನ್ನೂ ಇಷ್ಟು ವ್ಯತ್ಯಾಸವಿದೆ ಎಂದು. ‘ಯಾರೂ ಉತ್ತರಿಸಲಿಲ್ಲ’ ಎಂಬ ದೂರಿಗೆ ಪ್ರತಿಕ್ರಿಯೆ ಬರುವುದು ಕಡಿಮೆ, ಹೊಸ ಅಳತೆಗೆ ಬರುತ್ತದೆ.

ಉತ್ತರಗಳು ಬಂದು ಪ್ರಯೋಗ ಕೈಗೂಡಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ನಮ್ಮ ಗುಂಪುಗಳಲ್ಲಿ ಬಹುತೇಕ ಯಾರೂ ಅದನ್ನು ಮಾಡುವುದಿಲ್ಲ. ಯಾವ ಸಲಹೆ ಫಲಿಸಿತು, ಯಾವುದು ಫಲಿಸಲಿಲ್ಲ ಎಂದು ಅದೇ ಚರ್ಚೆಯ ಕೊನೆಗೆ ಮೂರು ಸಾಲು ಬರೆಯುವುದು. ‘ಧನ್ಯವಾದಗಳು ಸರ್’ ಎಂದಷ್ಟೇ ಬರೆದರೆ ಸಾವಿರಾರು ಪೆಟ್ಟಿಗೆಗಳಿಗೆ ಒಂದು ಖಾಲಿ ಪತ್ರ ಹೋಗುತ್ತದೆ. ‘ಉಪ್ಪು ಬಿಟ್ಟು ಆಮ್ಲ ಬಳಸಿದೆ, ಹತ್ತು ನಿಮಿಷದ ನಂತರ ಪ್ರನಾಳಗಳನ್ನು ಮತ್ತೆ ತುಂಬಿ ಅಳೆದೆ, 2:1ಕ್ಕೆ ಹತ್ತಿರ ಬಂತು, ಧನ್ಯವಾದಗಳು’ ಎಂದು ಬರೆದರೆ ಮೂರು ವರ್ಷದ ನಂತರ ಇನ್ಯಾವುದೋ ತಾಲ್ಲೂಕಿನ ಶಿಕ್ಷಕರೊಬ್ಬರು ಹುಡುಕಿದಾಗ ಅವರಿಗೆ ಪೂರ್ತಿ ಉತ್ತರ ಸಿಗುತ್ತದೆ. ಗುಂಪಿಗೆ ಬರೆಯುವ ಪತ್ರಕ್ಕೆ ಇಬ್ಬರು ಓದುಗರು: ಇಂದು ಉತ್ತರ ಕೊಡುವವರು ಮತ್ತು ಮುಂದೆಂದೋ ಅದನ್ನು ಹುಡುಕಿಕೊಂಡು ಬರುವವರು. ಎರಡನೆಯವರನ್ನು ನೆನಪಿನಲ್ಲಿಟ್ಟು ಬರೆದರೆ ಶೀರ್ಷಿಕೆ, ವಿವರ, ಭಾಷೆ ಎಲ್ಲವೂ ತಾವಾಗಿಯೇ ಸರಿಹೋಗುತ್ತವೆ.

ವಾಟ್ಸ್ಆ್ಯಪ್ ಸಾಕು ಎನ್ನುವವರಿಗೆ ನನ್ನ ಉತ್ತರವೂ ಇದರಲ್ಲೇ ಇದೆ. ನಾಳೆ ಸಭೆ ಎಷ್ಟು ಗಂಟೆಗೆ, ತರಬೇತಿ ಯಾವ ಕೊಠಡಿಯಲ್ಲಿ ಎಂಬುದಕ್ಕೆ ವಾಟ್ಸ್ಆ್ಯಪ್‌ನಂತಹದ್ದು ಬೇರೆ ಇಲ್ಲ. ಆದರೆ ಹೊಸದಾಗಿ ಸೇರಿದವರಿಗೆ ಅಲ್ಲಿ ವರ್ಷಗಳ ಹಿಂದಿನ ಚರ್ಚೆ ಸಿಗುವುದಿಲ್ಲ, ಎರಡು ವಿಷಯಗಳು ಒಟ್ಟಿಗೆ ಬಂದರೆ ಹೆಣೆದುಕೊಂಡುಬಿಡುತ್ತವೆ, ಗುಂಪಿನ ಗಾತ್ರ 1,024 ಮಂದಿಗೆ ನಿಲ್ಲುತ್ತದೆ. ಸದಸ್ಯರ ಫೋನ್ ಸಂಖ್ಯೆಗಳು ಗುಂಪಿನಲ್ಲಿ ಕಾಣುವುದು ಎಷ್ಟೋ ಶಿಕ್ಷಕಿಯರಿಗೆ ತೊಂದರೆ ಕೊಟ್ಟಿದೆ. ಕಳೆದ ದಶಕದ ಆರಂಭದಲ್ಲಿ ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ ಕಾರ್ಯಕ್ರಮ ನಡೆದಾಗ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಮತ್ತು ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಐಟಿ ಫಾರ್ ಚೇಂಜ್ ಸೇರಿ ವಿಷಯವಾರು ಇಮೇಲ್ ಗುಂಪುಗಳನ್ನು ಕಟ್ಟಿದವು. ಎಷ್ಟೋ ಶಿಕ್ಷಕರು ತಮ್ಮ ಮೊದಲ ಇಮೇಲ್ ವಿಳಾಸವನ್ನು ಮಾಡಿಕೊಂಡದ್ದೇ ಆ ತರಬೇತಿಗಳಲ್ಲಿ. ಬೀದರಿನ ಶಿಕ್ಷಕರು ಕೇಳಿದ್ದಕ್ಕೆ ಚಾಮರಾಜನಗರದವರು ಉತ್ತರಿಸುವುದು, ಅದನ್ನು ಎಲ್ಲರೂ ಓದುವುದು ಅದಕ್ಕೆ ಮೊದಲು ಸಾಧ್ಯವೇ ಇರಲಿಲ್ಲ.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಇಮೇಲ್ ಗುಂಪಿನ ಸಂಗ್ರಹವೂ ಶಾಶ್ವತವೆಂದು ನಂಬಿ ಕೂರಬಾರದು. ಇಂತಹದೇ ಸೇವೆಯಾಗಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ರಂದು ಮುಚ್ಚಿತು. ಅದಕ್ಕೂ ಮೊದಲೇ ಅಲ್ಲಿನ ಹಳೆಯ ಚರ್ಚೆಗಳ ಸಂಗ್ರಹವನ್ನು ಅಳಿಸಲಾಗಿತ್ತು. ನಿಮ್ಮ ಗುಂಪಿನಲ್ಲಿ ಒಳ್ಳೆಯ ಚರ್ಚೆಯೊಂದು ಮುಗಿದಾಗ ಯಾರಾದರೂ ಅದನ್ನು ಒಂದು ಪುಟವಾಗಿ ಬರೆದು ಬೇರೆಡೆ ಇಡಬೇಕು. ಅದು ಹಿರಿಯರೇ ಮಾಡಬೇಕಾದ ಕೆಲಸವೇನಲ್ಲ, ನೀವೂ ಮಾಡಬಹುದು.

ಹುಡುಕಲು ಸಿಗಬೇಕೆಂದರೆ ಬರಹ ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಕನ್ನಡದಲ್ಲಿರಬೇಕು. ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಹಳೆಯ ಆಸ್ಕಿ ಅಕ್ಷರಗಳಲ್ಲಿ (ಇಂಗ್ಲಿಷ್ ಅಕ್ಷರ ಸಂಕೇತಗಳಿಗೇ ಕನ್ನಡದ ರೂಪ ಕೊಟ್ಟವು) ಟೈಪ್ ಮಾಡಿ ಇಮೇಲ್‌ಗೆ ಅಂಟಿಸಿದರೆ, ಆ ಫಾಂಟ್ ಇಲ್ಲದ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ರಾಶಿಯಷ್ಟೇ ಕಾಣುತ್ತದೆ, ಕನ್ನಡದಲ್ಲಿ ಹುಡುಕಿದರೂ ಸಿಗದು. ಶಾಲೆಯ ಕಂಪ್ಯೂಟರಿನಲ್ಲಿ ನುಡಿಯೇ ಇದ್ದರೆ ಅದರ ಯೂನಿಕೋಡ್ ಆಯ್ಕೆಯನ್ನು ಬಳಸಿ. ಹಳೆಯ ಕಡತಗಳಿಗೆ ಪರಿವರ್ತಕ ತಂತ್ರಾಂಶಗಳಿವೆ. ಕೈಬರಹದ ಪುಟದ ಫೋಟೊ ಕಳುಹಿಸುವುದಾದರೆ ಪತ್ರದಲ್ಲಿ ಅದರ ಸಾರವನ್ನು ಎರಡು ಸಾಲು ಟೈಪ್ ಮಾಡಿ ಸೇರಿಸಿ.

ಇನ್ನು ಪೆಟ್ಟಿಗೆ ತುಂಬುವ ಸಮಸ್ಯೆ. ಇದಕ್ಕೆ ಗುಂಪು ಬಿಡಬೇಕಾಗಿಲ್ಲ, ಗುಂಪಿನ ಪತ್ರಗಳಿಗೆ ಬೇರೆ ಜಾಗ ಮಾಡಿಕೊಡಬೇಕು. ಜಿಮೇಲ್‌ನಲ್ಲಿ ಗುಂಪಿನ ಒಂದು ಪತ್ರವನ್ನು ತೆರೆದು, ಮೂರು ಚುಕ್ಕೆಗಳ ಪಟ್ಟಿಯಲ್ಲಿ ‘ಇದೇ ರೀತಿಯ ಸಂದೇಶಗಳನ್ನು ಫಿಲ್ಟರ್ ಮಾಡಿ’ ಎಂಬ ಅರ್ಥದ ಆಯ್ಕೆಯನ್ನು ಒತ್ತಿ, ಇನ್‌ಬಾಕ್ಸ್‌ಗೆ ಬರದಂತೆ ಮಾಡಿ ಒಂದು ಲೇಬಲ್ ಕೊಡಿ. ಅಲ್ಲಿಂದ ಮುಂದೆ ಗುಂಪಿನ ಪತ್ರಗಳೆಲ್ಲ ಆ ಲೇಬಲ್ಲಿನಡಿ ಸೇರುತ್ತವೆ, ಇಲಾಖೆಯ ಪತ್ರ, ಬ್ಯಾಂಕಿನ ಪತ್ರ ಇನ್‌ಬಾಕ್ಸ್‌ನಲ್ಲಿ ಉಳಿಯುತ್ತವೆ. ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಈ ಫಿಲ್ಟರ್ ಮಾಡಲು ಬರುವುದಿಲ್ಲ, ಕಂಪ್ಯೂಟರಿನಲ್ಲಿ ಒಮ್ಮೆ ಮಾಡಿದರೆ ಫೋನಿಗೂ ಅನ್ವಯಿಸುತ್ತದೆ. ಆಮೇಲೆ ವಾರಕ್ಕೆ ಎರಡು ಸಲ, ಬಿಡುವಿನಲ್ಲಿ, ಲೇಬಲ್ ತೆರೆದು ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ. ಎಲ್ಲವನ್ನೂ ಓದಲೇಬೇಕೆಂಬ ಹೊಣೆಯನ್ನು ಯಾರೂ ನಿಮ್ಮ ಮೇಲೆ ಹೊರಿಸಿಲ್ಲ.

ಗೂಗಲ್ ಗ್ರೂಪ್ಸ್‌ನಲ್ಲಿ ಡೈಜೆಸ್ಟ್ ಎಂಬ ಇನ್ನೊಂದು ವ್ಯವಸ್ಥೆಯಿದೆ. 25 ಪತ್ರಗಳವರೆಗೆ ಒಟ್ಟುಗೂಡಿಸಿ ಒಂದೇ ಇಮೇಲ್ ಆಗಿ ಕಳುಹಿಸುತ್ತದೆ. ಓದುವುದಷ್ಟೇ ಸಾಕು ಎನ್ನುವವರಿಗೆ ಇದು ಒಳ್ಳೆಯದು. ನಿಮಗೆ ಫಿಲ್ಟರ್ ಅನ್ನೇ ಸೂಚಿಸುತ್ತೇನೆ. ಡೈಜೆಸ್ಟ್‌ಗೆ ನೇರವಾಗಿ ಉತ್ತರಿಸಿದರೆ ಶೀರ್ಷಿಕೆಯಲ್ಲಿ ಡೈಜೆಸ್ಟಿನ ಹೆಸರು ಬಂದು, ನಿಮ್ಮ ಉತ್ತರ ಮೂಲ ಚರ್ಚೆಯಿಂದ ಕಳಚಿಕೊಳ್ಳುತ್ತದೆ.

ಹಳೆಯ ಪತ್ರವೊಂದನ್ನು ತೆರೆದು ‘ಉತ್ತರಿಸು’ ಒತ್ತಿ, ಬೇರೆಯೇ ವಿಷಯ ಕೇಳುವ ಅಭ್ಯಾಸ ನಮ್ಮಲ್ಲಿ ಬಹಳ. ಗುಂಪಿನ ವಿಳಾಸ ನೆನಪಿಲ್ಲದಿರುವುದೇ ಇದಕ್ಕೆ ಕಾರಣ. ಅದನ್ನು ಫೋನಿನ ಸಂಪರ್ಕಗಳಲ್ಲಿ ಉಳಿಸಿಕೊಳ್ಳಿ. ಶೀರ್ಷಿಕೆ ಬದಲಾಯಿಸಿದರೂ ಇಮೇಲ್‌ನ ಒಳಗೆ ‘ಇದು ಇಂಥ ಪತ್ರಕ್ಕೆ ಉತ್ತರ’ ಎಂಬ ಗುರುತು ಉಳಿದಿರುತ್ತದೆ, ಕೆಲವು ತಂತ್ರಾಂಶಗಳು ಅದನ್ನು ಹಳೆಯ ಚರ್ಚೆಯ ಅಡಿಗೇ ಸೇರಿಸುತ್ತವೆ. ಶೀರ್ಷಿಕೆಯನ್ನೂ ಬದಲಾಯಿಸದಿದ್ದರಂತೂ ‘ಬೆಳಕು ಪಾಠದ ಪ್ರಶ್ನೆಗಳು’ ಎಂಬ ಚರ್ಚೆಯಲ್ಲಿ ಗಳಿಕೆ ರಜೆಯ ಪ್ರಶ್ನೆ ಹೂತುಹೋಗುತ್ತದೆ.

‘ನನಗೂ ಕಳುಹಿಸಿ’ ಎಂಬ ಪತ್ರಗಳಿಗೆ ಕೇಳುವವರಷ್ಟೇ ಕೊಡುವವರೂ ಕಾರಣ. ‘ಪ್ರಶ್ನೆಕೋಠಿ ನನ್ನ ಬಳಿ ಇದೆ, ಬೇಕಾದವರು ತಿಳಿಸಿ’ ಎಂದು ಬರೆದರೆ ನೂರು ಜನ ಗುಂಪಿಗೇ ಉತ್ತರಿಸುತ್ತಾರೆ. ಕಡತವನ್ನು ಮೊದಲ ಪತ್ರದಲ್ಲೇ ಕೊಟ್ಟುಬಿಡಬೇಕು. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ಇಮೇಲ್‌ನಲ್ಲಿ ಸಾಗಿಸಲು ಕಡತವನ್ನು ಅಕ್ಷರರೂಪಕ್ಕೆ ತಿರುಗಿಸುವುದರಿಂದ ಅದು ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ, ಹಾಗಾಗಿ ದೊಡ್ಡ ಕಡತಗಳಿಗೆ ಡ್ರೈವ್‌ನ ಕೊಂಡಿಯೇ ವಾಸಿ. ಆದರೆ ಕೊಂಡಿ ಕೊಡುವ ಮೊದಲು ‘ಕೊಂಡಿ ಇರುವ ಯಾರಾದರೂ ನೋಡಬಹುದು’ ಎಂದು ಬದಲಾಯಿಸಿ. ಡ್ರೈವ್ ತಾನಾಗಿ ಇಡುವುದು ನಿರ್ಬಂಧಿತ ಸ್ಥಿತಿಯಲ್ಲಿ. ಹಾಗೆಯೇ ಬಿಟ್ಟರೆ ಅನುಮತಿ ಕೇಳುವ ಪತ್ರಗಳು ನಿಮ್ಮನ್ನು ಮುತ್ತುತ್ತವೆ.

ಎಲ್ಲರಿಗೂ ಉತ್ತರಿಸುವ ಗುಂಡಿಯನ್ನು ಒತ್ತುವ ಮುನ್ನ ಒಂದು ಕ್ಷಣ ನಿಲ್ಲಿ. 2016ರ ನವೆಂಬರ್‌ನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಒಂದು ಪರೀಕ್ಷಾರ್ಥ ಇಮೇಲ್ ತಪ್ಪಾಗಿ ಸುಮಾರು 8.4 ಲಕ್ಷ ಸಿಬ್ಬಂದಿಗೆ ಹೋಯಿತು. ಕೆಲವರು ಎಲ್ಲರಿಗೂ ಉತ್ತರಿಸಿದರು, ಅದನ್ನು ಆಕ್ಷೇಪಿಸಿ ಇನ್ನು ಕೆಲವರು ಎಲ್ಲರಿಗೂ ಬರೆದರು, ಇಡೀ ಇಮೇಲ್ ವ್ಯವಸ್ಥೆ ತೆವಳತೊಡಗಿತು. ‘ದಯವಿಟ್ಟು ಗುಂಪಿಗೆ ಶುಭಾಶಯ ಕಳುಹಿಸಬೇಡಿ’ ಎಂದು ಗುಂಪಿಗೇ ಬರೆಯುವುದೂ ಇಂಥದ್ದೇ. ಅದನ್ನು ಶುಭಾಶಯ ಕಳುಹಿಸಿದವರಿಗೆ ಮಾತ್ರ, ಮೃದುವಾಗಿ ಬರೆಯಿರಿ, ಅಥವಾ ನಿರ್ವಾಹಕರಿಗೆ ಬಿಡಿ. ಪಾಠದ ವಿಷಯದಲ್ಲಿ ತಪ್ಪು ಉತ್ತರ ಬಂದಿದ್ದರೆ ಮಾತ್ರ ನನ್ನ ನಿಲುವು ಬೇರೆ: ಅದನ್ನು ಗುಂಪಿನಲ್ಲೇ, ಆಧಾರ ಕೊಟ್ಟು, ಗೌರವದಿಂದ ತಿದ್ದಬೇಕು. ಹಿರಿಯರು ಬೇಸರಪಟ್ಟುಕೊಂಡಾರು ಎಂದು ಸುಮ್ಮನಿದ್ದರೆ ಆ ತಪ್ಪು ಸಂಗ್ರಹದಲ್ಲಿ ಉಳಿದು ಮಕ್ಕಳ ನೋಟ್‌ಪುಸ್ತಕ ಸೇರುತ್ತದೆ.

ಕೋಪ ಬಂದಾಗ ಬರೆದದ್ದನ್ನು ಒಂದು ರಾತ್ರಿ ಕಳೆದ ಮೇಲೆ ಕಳುಹಿಸಬೇಕು ಎಂಬ ಸಲಹೆ 1995ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಅಂತರ್ಜಾಲ ಶಿಷ್ಟಾಚಾರದ ದಾಖಲೆ, ಆರ್‌ಎಫ್‌ಸಿ 1855ರಲ್ಲಿಯೇ ಇದೆ. ಗುಂಪಿಗೆ ಸೇರಿದವರು ಬರೆಯುವ ಮೊದಲು ಒಂದೆರಡು ತಿಂಗಳು ಓದಬೇಕು ಎಂದೂ ಅದು ಹೇಳುತ್ತದೆ. ಮೊದಲನೆಯದನ್ನು ಪೂರ್ತಿ ಒಪ್ಪುತ್ತೇನೆ. ಎರಡನೆಯದು ನಮ್ಮ ಶಿಕ್ಷಕರಿಗೆ ಬೇಡ. ಅವರು ಹೇಗೂ ವರ್ಷಗಟ್ಟಲೆ ಮೌನವಾಗಿ ಓದುತ್ತಾರೆ. ಜಿಮೇಲ್‌ನಲ್ಲಿ ಕಳುಹಿಸಿದ ಪತ್ರವನ್ನು ತಡೆಯುವ ಅವಕಾಶವನ್ನು 30 ಸೆಕೆಂಡಿನವರೆಗೆ ಹೆಚ್ಚಿಸಿಕೊಳ್ಳಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ಇವತ್ತೇ ಅದನ್ನು ಮಾಡಿ.

ಕೊನೆಯದಾಗಿ ನೀವು ಕೇಳದ, ಆದರೆ ನಾನು ಹೇಳಲೇಬೇಕಾದ ಮಾತು. ಅಂಕಪಟ್ಟಿಯ ನಮೂನೆ ಕೇಳುವಾಗ ತುಂಬಿದ ಪಟ್ಟಿಯನ್ನೇ ಲಗತ್ತಿಸುವವರಿದ್ದಾರೆ. ಮಕ್ಕಳ ಹೆಸರು, ಜಾತಿ, ಆಧಾರ್ ಸಂಖ್ಯೆ, ಪೋಷಕರ ಫೋನ್ ಎಲ್ಲವೂ ಸಾವಿರಾರು ಅಪರಿಚಿತರಿಗೆ ಹೋಗಿಬಿಡುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ವಿಶೇಷ ರಕ್ಷಣೆಯನ್ನು ಅದು ವಿಧಿಸುತ್ತದೆ. ನಮೂನೆ ಬೇಕಿದ್ದರೆ ಖಾಲಿ ನಮೂನೆ ಕಳುಹಿಸಿ. ತುಂಬಿದ್ದು ಆಕಸ್ಮಿಕವಾಗಿ ಹೋಗಿದ್ದರೆ ಆ ಗಂಟೆಯೇ ನಿರ್ವಾಹಕರಿಗೆ ಮತ್ತು ನಿಮ್ಮ ಮುಖ್ಯ ಶಿಕ್ಷಕರಿಗೆ ತಿಳಿಸಿ. ಗುಂಪಿನ ಸಂಗ್ರಹದಿಂದ ಅದನ್ನು ನಿರ್ವಾಹಕರು ಅಳಿಸಬಲ್ಲರು. ಸದಸ್ಯರ ಪೆಟ್ಟಿಗೆಗಳಿಗೆ ತಲುಪಿದ್ದನ್ನು ಅವರವರೇ ಅಳಿಸಬೇಕು, ಹಾಗೆ ಅಳಿಸಿ ಎಂದು ಲಗತ್ತನ್ನು ಮತ್ತೆ ಸೇರಿಸದೆ ಹೊಸ ಪತ್ರದಲ್ಲಿ ಕೇಳಿಕೊಳ್ಳಿ.